ದಣಿಯದವನು

ಗ್ಯಾಸ್ ವೆಲ್ಡಿಂಗ್ ಅಂಗಡಿಯ ಮುಂದೆ ಕಾರ್ಬೈಡಿನ ಘಾಟು ಮೂಗಿಗೆ ಬಡಿದರೆ ಈಗಲೂ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಜೊತೆಗಾರ ಬರಲಿಲ್ಲವೆಂದು ಅಪ್ಪ ಎರಡು ಪಾಳಿ ಗಣಿಯಲ್ಲೇ ದುಡಿದು ಬಂದಿದ್ದ. ಅವನ ಕಾರ್ಬೈಡ್ ದೀಪ ಮೂಲೆಯಲ್ಲಿ ಅದೇ ವಾಸನೆ ಬೀರುತ್ತಿತ್ತು. ಮರುದಿನ ನನಗೆ ಇಂಗ್ಲಿಷ್ ಪರೀಕ್ಷೆ.

"ಫೇಲಾದ್ರೆ ಕ್ಯಾಸಂಬಳ್ಳಿಗೆ ಓಗಿ ಎಮ್ಮೆ ಕಾಯ್ಲಿ ಬಿಡು," ಎಂದು ಅಜ್ಜಿ ಆಗಲೇ ತೀರ್ಮಾನಿಸಿದ್ದಳು. ಹಾಗಾಗಿ ಮೇಷ್ಟರು ಕೊಟ್ಟ ಕಷ್ಟದ ಪದಗಳನ್ನು ನಾನು ಕೂಗಿ ಕೂಗಿ ಓದುತ್ತಿದ್ದೆ.

ಮುದ್ದೆ ಮುರಿಯುತ್ತಾ ಅಪ್ಪ ಕೇಳಿದ: "ಅದೇನಮ್ಮಾ, ಅಷ್ಟುದ್ದ?"

"ಇಂಡಿಫ್ಯಾಟಿಗಬಲ್. ಎಷ್ಟು ಗೇದ್ರೂ ದಣೀದೋನು ಅಂತ, ಅಪ್ಪಾ."

ಅಪ್ಪ ತುತ್ತು ಹಿಡಿದುಕೊಂಡೇ ಯೋಚಿಸಿದ. "ಅಂತೋನ್ನ ನಾನು ಕಂಡಿಲ್ಲ ಕಣಮ್ಮಾ. ಇರ್ಲಿ, ನೀನು ಕಲ್ತ್ಕೋ."

ಅಷ್ಟು ಹೇಳಿ ಕೂತಲ್ಲೇ ನಿದ್ದೆ ಹೋದ. ಅಮ್ಮ ಅವನ ಬೆರಳುಗಳಿಂದ ತುತ್ತು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಕೈ ಒರೆಸಿದಳು. ಆಮೇಲೆ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟಳು. ಪಾಳಿ ಮುಗಿಸಿದವರು ಮಲಗಿದ್ದಾರೆಂಬ ಗುರುತು ಅದು. ಕಂಡರೆ ಲೈನಿನ ಮಕ್ಕಳೆಲ್ಲ ದನಿ ತಗ್ಗಿಸುತ್ತಿದ್ದರು.

"ಮನಸ್ನಾಗೇ ಓದ್ಕೊಳ್ಳೇ," ಎಂದಳು.

ಕತ್ತಲಾಗುವವರೆಗೂ ಆ ಪದವನ್ನು ತುಟಿಯಲ್ಲೇ ಉರು ಹೊಡೆದೆ, ಅಪ್ಪನಿಗೆ ಎಚ್ಚರವಾಗದಂತೆ.