ಗಂಟು ಮುಖ

"ಇವನ ಮುಖ ಮಾತ್ರ ಹಾಕ್ಬೇಡ್ರಮ್ಮ! ಹರಳೆಣ್ಣೆ ಕುಡಿದ ಮೂತಿ. ನಿಮ್ಮ ಪುಸ್ತಕ ಬಿಚ್ಚಿದವರು ಹೆದರಿ ಓಡಿಹೋಗ್ತಾರೆ."

ಇಷ್ಟು ಹೇಳಿ ದೊಡ್ಡಪ್ಪ ಸುತ್ತಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕನ್ನಡಕದ ಹುಡುಗಿಯ ಕೈಯಲ್ಲಿದ್ದ ಫೋನು ಒಂದಕ್ಷರ ಬಿಡದೆ ಅದನ್ನು ಅವಳ ಭಾಷೆಗೆ ತಿರುಗಿಸಿ, ಸುದ್ದಿ ಓದುವವಳ ದನಿಯಲ್ಲಿ ಇನ್ನೊಮ್ಮೆ ಹೇಳಿತು. ಕುಶಲಕರ್ಮಿಗಳ ಬಗ್ಗೆ ಡಿಜಿಟಲ್ ಪುಸ್ತಕ ಮಾಡಲೆಂದು ಪರದೇಶದಿಂದ ಬಂದಿದ್ದ ವಿದ್ಯಾರ್ಥಿಗಳೆಲ್ಲ ಗೊಳ್ಳೆಂದು ನಕ್ಕರು. ಅವರು ನಗುವುದನ್ನು ನೋಡಿ ದೊಡ್ಡಪ್ಪನೂ ನಕ್ಕರು. ಒಂದೇ ಬೈಗುಳವನ್ನು ಎರಡು ಭಾಷೆಯಲ್ಲಿ ಉಂಡವನು ಸಿಡುಕ ಒಬ್ಬನೇ.

ಸಿಡುಕ ಎನ್ನುವುದು ಬೀದಿ ಇಟ್ಟ ಹೆಸರು. ಮೇಷ್ಟರ ಮೇಲಿನ ಸಿಟ್ಟಿಗೆ ಏಳನೇ ಕ್ಲಾಸಿನಲ್ಲೇ ಶಾಲೆ ಬಿಟ್ಟವನು. ಹೆತ್ತ ಅಪ್ಪನೇ ಕೈಚೆಲ್ಲಿದಾಗ, ತಾಮ್ರ ಬಡಿಯುವ ತಮ್ಮ ಕೋಣೆಗೆ ಕರೆತಂದು ಅನ್ನ ಹಾಕಿ ಕೆಲಸ ಕಲಿಸಿದವರು ಈ ದೊಡ್ಡಪ್ಪ. ಅದನ್ನು ಅವನು ಮರೆತಿರಲಿಲ್ಲ. ಆದರೆ ಎಷ್ಟೂಂತ ನುಂಗಿಕೊಳ್ಳುವುದು? ಹಿಂದಿನಿಂದ ಹತ್ತು ಸಲ ಕೂಗಿದರೂ ಮುದುಕ ತಿರುಗಿ ನೋಡುವುದಿಲ್ಲ, ಅಷ್ಟು ಕೊಬ್ಬು. ಬಾಗಿಲ ಹತ್ತಿರ ಗಾಳಿಗೆ ಕೂರುತ್ತೇನೆ ಎಂದರೆ, "ಎಲ್ಲಿಗೂ ಹೋಗ್ಬೇಡ, ನನ್ನ ಕಣ್ಣೆದುರಿಗೇ ಬಿದ್ದಿರು" ಎಂದು ಗದರುತ್ತಾರೆ. ಭಾವ ಟೈರಿನ ಅಂಗಡಿಯಲ್ಲಿ ಕೆಲಸ ಗೊತ್ತು ಮಾಡಿದ್ದ. ಬಟ್ಟೆ ತುಂಬಿದ ಚೀಲ ಬೆಳಿಗ್ಗೆಯಿಂದ ಬಾಗಿಲ ಗೂಟಕ್ಕೆ ನೇತಾಡುತ್ತಿತ್ತು. ಸಂಜೆ ಹೊರಡುವುದು, ಮುಗಿಯಿತು.

ದೊಡ್ಡಪ್ಪ ತೊಳೆದಿಟ್ಟ ಹಂಡೆಗಳನ್ನು ತೋರಿಸಲು ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದರು. ಕನ್ನಡಕದ ಹುಡುಗಿ ಮಾತ್ರ ಹಿಂದೆ ಉಳಿದಳು.

"ದಯವಿಟ್ಟು ಕೋಪಿಸಿಕೊಳ್ಳಬೇಡಿ, ಮಾನ್ಯರೇ," ಎಂದಿತು ಅವಳ ಫೋನು.

"ಮಾನ್ಯರಂತೆ, ಮಾನ್ಯರು! ನನ್ನ ಫೋಟೋ ತೆಗೆದುಹಾಕು ಅಂತ ಹೇಳು ನಿನ್ನ ಯಜಮಾನಿಗೆ," ಎಂದು ಅವನು ಫೋನಿನ ಮೇಲೆಯೇ ರೇಗಿದ.

ಹುಡುಗಿ ತಲೆಯಾಡಿಸಿ, ಟ್ಯಾಬ್ಲೆಟ್ ತೆಗೆದು ಅವನ ಮುಂದೆ ಹಿಡಿದಳು. ಪರದೆಯ ತುಂಬ ಇದೇ ಕೋಣೆ. ಒಲೆಯನ್ನು ಮುಟ್ಟಿದರೆ ತಿದಿ ಉಸಿರುಬಿಟ್ಟಿತು. ಹಂಡೆಯನ್ನು ಮುಟ್ಟಿದರೆ ಅದು ಗಿರ್ರನೆ ತಿರುಗಿ ತನ್ನ ಬೆನ್ನು ತೋರಿಸಿತು. ಸಿಡುಕ ಸಿಟ್ಟನ್ನು ಪಕ್ಕಕ್ಕಿಟ್ಟು ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿ ನೋಡಿದ. ಹುಡುಗಿ ದೊಡ್ಡಪ್ಪನ ಸುತ್ತಿಗೆಯ ಮೇಲೆ ಬೆರಳಿಟ್ಟು ಏನೋ ಹೇಳಿದಳು.

"ಇದನ್ನು ಒತ್ತಿದರೆ ಹಿರಿಯರ ಹಾಡು ಬರುತ್ತದೆ," ಎಂದಿತು ಫೋನು. "ಸುತ್ತಿಗೆಯ ಸದ್ದಿನಿಂದಾಗಿ ಪದಗಳು ತಿಳಿಯುತ್ತಿಲ್ಲ. ತಾವು ಹಾಡಿನ ಅರ್ಥವನ್ನು ತಿಳಿಸುವಿರಾ?"

"ನಮ್ಮ ದೊಡ್ಡಪ್ಪ ಹಾಡೋದಾ? ಆಕಳಿಸಿದರೂ ಅಪಸ್ವರ ಬರುತ್ತೆ ಅವರಿಗೆ!"

ಆದರೂ ಒತ್ತಿದ. ನಿನ್ನೆ ಹುಡುಗಿ ದೊಡ್ಡಪ್ಪನ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕು ಹಿಡಿದಿಟ್ಟ ಸದ್ದು ಅದು. ಮೊದಲು ಬರೀ ಏಟುಗಳು. ತಾಮ್ರ ಎಲ್ಲ ಕಡೆ ಒಂದೇ ಹದಕ್ಕೆ ಬಂದರೆ ಹಂಡೆ ಗುಂಯ್ಯೆಂದು ತುಂಬಿ ಮೊಳಗುತ್ತದೆ. ಎಲ್ಲೋ ಒಂದು ಕಡೆ ದಪ್ಪ ಉಳಿದರೆ ಒಡಕು ದನಿ. ಆ ಒಡಕು ಕೇಳಿದರೆ ಸಿಡುಕನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತದೆ. ಈಗಲೂ ಹಾಗೇ ಆಯಿತು. ಅಷ್ಟರಲ್ಲಿ ಏಟಿನ ಸಂದಿಯಲ್ಲಿ ದೊಡ್ಡಪ್ಪನ ಗೊಣಗು ಕೇಳಿಸಿತು. ಆ ಗದ್ದಲದಿಂದ ಮಾತನ್ನು ಹೆಕ್ಕಿ ತೆಗೆಯಲು ಇದೇ ಕೋಣೆಯಲ್ಲಿ ಪಳಗಿದ ಕಿವಿಯೇ ಬೇಕಿತ್ತು.

"ಮುಖ ಗಂಟು ಹಾಕ್ದ... ಸರಿ ಬಂದಿಲ್ಲ ಹಾಗಾದ್ರೆ. ಎಡಕ್ಕೆ ಇನ್ನೊಂದು... ಊಹೂಂ, ಇನ್ನೂ ಗಂಟು. ಇನ್ನೊಂದು... ಹಾಂ, ಹುಬ್ಬು ಇಳೀತು. ಸಾಕು, ಕೂತಿದೆ. ಕಿವಿ ಹೋದ್ರೆ ಹೋಯ್ತು ಬಿಡು, ದೇವರು ಎದುರಿಗೆ ಇವನ ಮುಖ ಇಟ್ಟಿದ್ದಾನೆ. ಪುಣ್ಯಾತ್ಮ, ಇವನಿರೋದಕ್ಕೆ ಮರ್ಯಾದೆ ಉಳೀತು..."

ಸಿಡುಕ ಮತ್ತೊಮ್ಮೆ ಒತ್ತಿದ. ಇನ್ನೊಮ್ಮೆ.

ಅಂಗಳದಲ್ಲಿ ಯಾರೋ ಬೇರೊಂದು ಫೋನಿನ ಮೂಲಕ, ತಾಮ್ರ ಎಲ್ಲಿಂದ ತರಿಸುತ್ತೀರಿ ಎಂದು ಕೇಳುತ್ತಿದ್ದರು. "ಹೌದಮ್ಮ, ಮುಚ್ಚಳ ಕೊನೇಗೆ ಮಾಡೋದು," ಎಂದು ದೊಡ್ಡಪ್ಪ ಜೋರಾಗಿ ಉತ್ತರ ಕೊಟ್ಟರು. ಬೆಳಿಗ್ಗೆಯಿಂದ ಹೀಗೇ ಏನೋ ಕೇಳಿದರೆ ಏನೋ ಹೇಳುತ್ತಿದ್ದರು. ಎಲ್ಲರೂ ಫೋನಿನದೇ ತಪ್ಪು ಎಂದುಕೊಂಡಿದ್ದರು. ದೊಡ್ಡಪ್ಪ ನೋಡಿ ಮಾತು ತಿಳಿದುಕೊಳ್ಳಲು ಫೋನಿಗೆ ತುಟಿ ಇಲ್ಲ ಎನ್ನುವುದು ಸಿಡುಕನಿಗೆ ಹೊಳೆದದ್ದು ಈಗ. ಇಷ್ಟು ವರ್ಷ ಬೆನ್ನ ಹಿಂದೆ ನಿಂತು ಕೂಗಿ, ಉತ್ತರ ಬರಲಿಲ್ಲವೆಂದು ಹಲ್ಲು ಕಡಿದದ್ದೆಲ್ಲ ನೆನಪಾಯಿತು. ಮನೆ, ಶಾಲೆ, ಬೀದಿ, ಎಲ್ಲಿ ಹೋದರೂ ಬೇಡವಾಗಿದ್ದ ತನ್ನ ಮುಖವನ್ನು ಅವನು ಅಂಗೈಯಿಂದ ಒಮ್ಮೆ ಒರೆಸಿಕೊಂಡ. ಮಸಿ ಇನ್ನಷ್ಟು ಹರಡಿತು.

ದೊಡ್ಡಪ್ಪ ಒಳಗೆ ಬಂದರು, ಹಿಂದೆಯೇ ವಿದ್ಯಾರ್ಥಿಗಳು.

"ಏನೋ, ಇನ್ನೂ ಊದಿಕೊಂಡೇ ಇದೀಯಾ? ಆ ಮೂತಿಗೆ ಸ್ವಲ್ಪ ಸಾಣೆ ಹಿಡಿಸ್ಕೊಳೋ!"

ಮತ್ತೆ ನಗು.

"ಹಾಡಿನ ಅರ್ಥವೇನು, ಮಾನ್ಯರೇ?" ಎಂದು ಕೇಳಿತು ಹುಡುಗಿಯ ಫೋನು. "ತಮ್ಮ ಚಿತ್ರವನ್ನು ತೆಗೆದುಹಾಕಲೇ?"

ಸಿಡುಕ ಟ್ಯಾಬ್ಲೆಟನ್ನು ಅವಳ ಕೈಗಿಟ್ಟು ಬಾಗಿಲ ಕಡೆ ನಡೆದ. ಗೂಟದ ಚೀಲವನ್ನು ದಾಟಿ, ಮೂಲೆಯಲ್ಲಿದ್ದ ತನ್ನ ಮಣೆಯನ್ನು ಎತ್ತಿಕೊಂಡು ಬಂದು, ಕಿಟಕಿಯ ಬೆಳಕು ನೇರ ಬೀಳುವ ಕಡೆ ಹಾಕಿ, ದೊಡ್ಡಪ್ಪನ ಎದುರಿಗೇ ಕೂತ.

ದೊಡ್ಡಪ್ಪ ಸುತ್ತಿಗೆ ಎತ್ತಿ ಮೊದಲ ಏಟು ಹಾಕಿದರು. ಒಡಕು ದನಿ.

ಸಿಡುಕ ತಲೆ ಎತ್ತಿ, ಚೆನ್ನಾಗಿ ಕಾಣುವ ಹಾಗೆ, ಮುಖ ಗಂಟು ಹಾಕಿಕೊಂಡ.