ಎದುರಿಗೆ ಕೂತು ಮಾಡಿಸಿದ ತಾಳಿ

"ಕೈ ಯಾಕ ಕೆಳಗ ಹೋತು ಪತ್ತಾರಾ? ಮ್ಯಾಲೆ ತಗಿ!"

ವೀರಭದ್ರಮ್ಮ ಗದರಿದಳು. ಅಕ್ಕಸಾಲಿಗ ಮೌನಪ್ಪ ಪತ್ತಾರ ಎರಡೂ ಅಂಗೈ ಬಿಚ್ಚಿ ತೋರಿಸಿದ. ಒಂದರಲ್ಲಿ ಬೆಸುಗೆಯ ಬಿಳಿಗಾರದ ಪುಡಿ, ಇನ್ನೊಂದು ಖಾಲಿ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಮಹಾಯುದ್ಧ ಶುರುವಾದ ಮೇಲೆ ರಾಯಚೂರಿನಲ್ಲಿ ಬಂಗಾರದ ಬೆಲೆ ಮುಗಿಲು ಮುಟ್ಟಿತ್ತು. ಪತ್ತಾರನ ಕೈಗೆ ಬಂಗಾರ ಕೊಟ್ಟು ಮನೆಯಲ್ಲಿ ಹಾಯಾಗಿ ಮಲಗುವ ಭಂಡ ಧೈರ್ಯ ಯಾರಿಗಿತ್ತು? ಎದುರಿಗೆ ಕೂತೇ ಮಾಡಿಸಬೇಕು. ರೆಪ್ಪೆ ಬಡಿದರೆ ಗುಲಗಂಜಿ ತೂಕ ಮಾಯ.

ಕರಗಲಿದ್ದದ್ದು ಅವಳ ತಾಳಿ. ಕೊರಳು ಬರಿದಾಗಬಾರದೆಂದು ಬೆಳಿಗ್ಗೆಯೇ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು ಬಂದಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಯಾವ ದೇವರಿಗೆ ಹರಕೆ ಹೊರುವುದು ಬಾಕಿಯಿತ್ತು ಹೇಳಿ! ಕೊನೆಗೆ ಗಂಡ ವಿರೂಪಣ್ಣನೇ ಮಠಕ್ಕೆ ಹೋಗಿ ಕೇಳಿಕೊಂಡು ಬಂದ.

"ಈ ತಾಳ್ಯಾಗ ದೋಷ ಅದಂತ. ಕರಗಿಸಿ ಹೊಸಾದು ಮಾಡಿಸಬೇಕಂತ. ಮಾನ್ವ್ಯಾಗ ನಿಮ್ಮಪ್ಪನ ಮುಂದ ಕಟ್ಟಬೇಕು. ಆಮ್ಯಾಲೆ ನೋಡು, ನಮ್ಮ ಮನ್ಯಾಗ ತೊಟ್ಲಾ ತೂಗತದ."

ಶೇಂಗಾ ವ್ಯಾಪಾರದ ವಿರೂಪಣ್ಣ ಹೆಂಡತಿಯ ಮುಂದೆ ನಕ್ಕು ಎಷ್ಟು ಕಾಲವಾಗಿತ್ತೋ! ಅಂದು ನಕ್ಕಿದ್ದ. ಅವಳಿಗೆ ಅಷ್ಟೇ ಸಾಕಾಯಿತು. ಒಂದು ಕೂಸು ಬಂದರೆ ಆ ಮನೆಯಲ್ಲಿ ತನಗೂ ಒಂದು ಜಾಗ ಇರುತ್ತದೆ, ಇಲ್ಲದಿದ್ದರೆ ಬಂಜೆ ಎಂಬ ಮಾತು ಕೇಳುತ್ತಲೇ ಸಾಯಬೇಕು. ಅವಳು ಕಾಯುತ್ತಿದ್ದದ್ದು ಬಂಗಾರವನ್ನಲ್ಲ, ಆ ಜಾಗವನ್ನು.

ಮೌನಪ್ಪ ಮಾತ್ರ ಬೇಕೆಂದೇ ತಡ ಮಾಡುತ್ತಿದ್ದ. ಇದ್ದಿಲು ಕೆದಕಿದ, ಬಂಗಾರ ಕರಗಿಸುವ ಮೂಸೆಯನ್ನು ಒರೆಸಿದ್ದೇ ಒರೆಸಿದ. ಬರೀ ಬಂಗಾರ ಮೆತ್ತಗಾಗುತ್ತದೆಂದು ಚೂರು ತಾಮ್ರ ತೂಗಿದ. ಆಮೇಲೆ ದನಿ ತಗ್ಗಿಸಿದ.

"ಯವ್ವಾ, ಇದು ತವರಿನ ಬಂಗಾರೇನ್ರಿ?"

"ಹೌದು. ನಿನಗ್ಯಾಕ ಬೇಕದು?"

"ಮೂಸ್ಯಾಗ ಬಿದ್ದದ್ದು ಹೊಳ್ಳಿ ಬರಂಗಿಲ್ರಿ. ಇನ್ನೊಮ್ಮಿ ವಿಚಾರ ಮಾಡ್ರಿ. ಹಳೇದ ಛಲೋ ಅದ."

ಬಾಗಿಲಲ್ಲಿ ನಿಂತಿದ್ದ ವಿರೂಪಣ್ಣ ಕೆಮ್ಮಿದ. ಪತ್ತಾರ ಥಟ್ಟನೆ ತಲೆ ಬಗ್ಗಿಸಿದ. ಅಯ್ಯೋ ಕಳ್ಳಾ, ಮಾತಿಗೆಳೆದು ಕಣ್ಣು ತಪ್ಪಿಸುವ ಆಟ ನನ್ನ ಹತ್ತಿರವೇ? ವೀರಭದ್ರಮ್ಮ ಇನ್ನಷ್ಟು ಮುಂದೆ ಸರಿದು ಕೂತಳು.

ತಾಳಿ ತೂಗಿದಾಗ ವಿರೂಪಣ್ಣ ಮುಖ ಸಿಂಡರಿಸಿದ. "ಕಡಿಮಿ ಆತಲ್ಲ. ಮಂದಿ ಮುಂದ ಕಟ್ಟೋದು. ನೋಡಿದೋರು ಏನಂದಾರು?"

ಅವಳ ಕಿವಿಯಲ್ಲಿ ಬೆಂಡೋಲೆಗಳಿದ್ದವು. ಈಗಷ್ಟೇ ವಯಸ್ಸಿಗೆ ಬಂದ ತಂಗಿ ಅಮರಮ್ಮನಿಗೆ ಅವನ್ನು ಕೊಡಬೇಕೆಂದು ಆಸೆಪಟ್ಟಿದ್ದಳು. ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಬಿಚ್ಚಿ ಕೊಟ್ಟಳು.

"ಬ್ಯಾಡ್ರಿ ಯವ್ವಾ," ಮೌನಪ್ಪ ಕೈ ಅಡ್ಡ ಹಿಡಿದ. "ಇದ್ದದ್ರಾಗ ಮಾಡಿ ಕೊಡ್ತೀನಿ. ಅವು ನಿಮಗಿರ್ಲಿ."

"ಯಾಕ? ತೂಕ ಹೆಚ್ಚಾದ್ರ ಲೆಕ್ಕ ತಪ್ಪತದಂತ ಅಂಜಿಕೇನು?"

ಅವನು ಕೈ ಹಿಂದೆಗೆದುಕೊಂಡ. ಅವಳೇ ಬೆಂಡೋಲೆಗಳನ್ನು ಮೂಸೆಗೆ ಹಾಕಿದಳು. ಬೀಸಣಿಗೆ ಕಿತ್ತುಕೊಂಡು ತಾನೇ ಬೆಂಕಿಗೆ ಬೀಸಿದಳು. ಹಳೆಯ ತಾಳಿ, ಬೆಂಡೋಲೆ, ತಾಮ್ರ ಎಲ್ಲ ಕರಗಿ ಒಂದೇ ಕೆಂಪು ಹನಿಯಾಯಿತು. ಬೆವರು ಕಣ್ಣಿಗಿಳಿದರೂ ಅವಳು ಕಣ್ಣು ಮುಚ್ಚಲಿಲ್ಲ. ಊಟಕ್ಕೂ ಏಳಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ತಾಳಿ ಸಿದ್ಧವಾಯಿತು. ತೂಗಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೇಲಾಗಿ ಮೌನಪ್ಪ, "ಇದಕ್ಕ ಕೂಲಿ ತಗೊಳ್ಳಾಂಗಿಲ್ರಿ" ಎಂದುಬಿಟ್ಟ. ವೀರಭದ್ರಮ್ಮನಿಗೆ ನಾಚಿಕೆಯಾಯಿತು.

"ತಪ್ಪು ತಿಳಕೋಬ್ಯಾಡಪ್ಪಾ. ಬಾಯಿಗೆ ಬಂದಂಗ ಅಂದೆ. ಗಂಡು ಹುಟ್ಟಿದ್ರ ಉಡದಾರ ನಿನ್ನ ಕೈಲೇ ಮಾಡಿಸ್ತೀನಿ."

ಪತ್ತಾರ ಅವಳ ಮುಖ ನೋಡಲಿಲ್ಲ. ಆರಿದ ಇದ್ದಿಲನ್ನು ಸುಮ್ಮನೆ ಊದುತ್ತ ಕುಳಿತ.

ವಿರೂಪಣ್ಣ ತಾಳಿಯನ್ನು ವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಇಳಿಸಿದ. ಮಾನ್ವಿಯ ಬಸ್ಸು ಹೊರಡುವ ಹೊತ್ತು. ಹೊಸ ಸೀರೆಯ ಗಂಟು ಬಗಲಲ್ಲಿ ಇರುಕಿಕೊಂಡು ಅವಳು ಗಂಡನ ಹಿಂದೆ ಓಡೋಡಿ ಬಂದಳು. ಅವ್ವನಿಗೆ ಏನು ಹೇಳಬೇಕು, ಅಪ್ಪನ ಕಾಲಿಗೆ ಹೇಗೆ ಬೀಳಬೇಕು, ದಾರಿಯುದ್ದಕ್ಕೂ ಅದೇ ಯೋಚನೆ. ವಿರೂಪಣ್ಣ ಬಸ್ಸು ಹತ್ತಿ, ತಿರುಗಿ ನಿಂತು, ಬಾಗಿಲಿಗೆ ಅಡ್ಡಲಾಗಿ ಕೈಯಿಟ್ಟ.

"ನೀ ಎಲ್ಲಿಗಿ ಹತ್ತಾಕತ್ತಿ? ಮನಿಗೆ ಹೋಗಿ ಒಳಕೋಣಿ ಸಾರಿಸಿಡು. ನಾಳಿ ಅಮರಿಗೆ ತಾಳಿ ಕಟ್ಟೋ ಹೊತ್ತಿನ್ಯಾಗ ಅಕ್ಕ ಅಳಕೋತ ಕುಂತ್ರ ಛಂದ ಕಾಣಂಗಿಲ್ಲ, ಕರ್ಕೊಂಡು ಬರಬ್ಯಾಡ ಅಂತ ನಿಮ್ಮಪ್ಪನೇ ಹೇಳಿ ಕಳಿಸ್ಯಾರ."