ಖಾಲಿ ಗೂಡಿನ ಕಾವಲು

ಬೇಸಿಗೆ ಮುಗಿಯುತ್ತ ಬಂದ ಕಾಲ, ಮಧ್ಯಾಹ್ನ ಇಳಿಯುವ ಹೊತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಗೂಡಮ್ಮ ಬೋನಿಗೆ ಬಿದ್ದವರಂತೆ ಕೂತಿದ್ದರು.

ಹಕ್ಕಿಗಳನ್ನು ಕಾಪಾಡುವ ಸಂಸ್ಥೆಯ ಕಚೇರಿ ಅದು. ಜಾಲತಾಣವನ್ನು ಹೊಸದಾಗಿ ಕಟ್ಟುವ ಮೊದಲು ನೋಡುವವರನ್ನೇ ಕರೆಸಿ ಕೇಳೋಣ ಎಂದು ಅಲ್ಲಿನವರು ಹೊರಟಿದ್ದರು. ಬೀದಿಮರದ ಕೊಕ್ಕರೆಗೂಡಿನ ನೇರಪ್ರಸಾರವನ್ನು ದಿನವಿಡೀ ನೋಡುತ್ತಿದ್ದವರು ಈಕೆಯೊಬ್ಬರೇ. ಕಚೇರಿಯವರು ಗೂಡಮ್ಮ ಎಂದು ಹೆಸರಿಟ್ಟದ್ದೂ ಅದಕ್ಕೇ.

“ಇದೇನು ಪರೀಕ್ಷೆ ಅಲ್ಲಮ್ಮಾ,” ಎಂದಳು ವಿನ್ಯಾಸದ ಹುಡುಗಿ. “ಅನ್ನಿಸಿದ್ದನ್ನ ಬಾಯಿಬಿಟ್ಟು ಹೇಳ್ತಾ ಹೋಗಿ.”

“ಬಾಯಿಬಿಟ್ರೆ ಬಣ್ಣಗೇಡು ಕಣಮ್ಮ.”

ಹುಡುಗಿ ನಕ್ಕು ಹೊಸ ಪುಟ ತೆರೆದಳು. ಪರದೆಯ ತುಂಬ ಗೂಡೇ ಗೂಡು. ಅದರ ಹಿಂದೆ ಕಾಣುತ್ತಿದ್ದ ಮನೆ, ಬೀದಿ, ಎಲ್ಲ ಕತ್ತರಿಸಿಹೋಗಿತ್ತು.

ಗೂಡಮ್ಮನ ಮುಖ ಬಿಳುಚಿಕೊಂಡಿತು. “ಹಳೇದೇ ಇರಲಿ ತಾಯಿ.”

“ಮರಿಗಳು ಹೋಗಿ ತಿಂಗಳಾಯ್ತಲ್ಲಮ್ಮಾ. ಖಾಲಿ ಗೂಡಲ್ಲಿ ಏನು ನೋಡ್ತೀರಾ?”

“ಹಾರೋದನ್ನ ನೋಡೋಣ ಅಂತ.”

ಅಯ್ಯೋ ಪಾಪ, ತಲೆ ಸ್ವಲ್ಪ ಸಡಿಲವೇನೋ ಅಂದುಕೊಂಡಳು ಹುಡುಗಿ.

ಮೇಲಧಿಕಾರಿ ಬಾಗಿಲಲ್ಲಿ ತಲೆ ಹಾಕಿದರು. “ಹಳೇದನ್ನ ಈಗಲೇ ಮುಚ್ಚಿಬಿಡಮ್ಮ. ಹಕ್ಕೀನೇ ಇಲ್ಲ, ಯಾರಿಗೆ ಕಾವಲು?”

ಗೂಡಮ್ಮ ಎದ್ದು ಕೈಮುಗಿದರು. “ಇವತ್ತೊಂದಿನ ಬಿಡಿ ಸ್ವಾಮಿ. ನಾಳೆಯಿಂದ ನನಗೂ ಬೇಡ.”

“ಯಾಕೆ, ಕೊಕ್ಕರೆ ಬರ್ತೀನಿ ಅಂತ ಹೇಳಿಕಳಿಸಿದೆಯಾ?” ನಗುತ್ತ ಅವರು ಹೋದರು.

ಹುಡುಗಿ ಆ ಮುಗಿದ ಕೈಗಳನ್ನೇ ನೋಡಿದಳು. ಕೆಲಸ ಹೋದರೆ ಹೋಗಲಿ ಎಂದು ಹಳೆಯ ಚಿತ್ರವನ್ನೇ ಪರದೆಗೆ ತಂದಳು.

“ಅಷ್ಟು ಆಸೆ ಇದ್ರೆ ಮರದ ಹತ್ರಾನೇ ಹೋಗಿ ನೋಡಬಹುದಲ್ಲಮ್ಮಾ?”

“ಆ ಬೀದೀಲಿ ನನ್ನ ಕಂಡ್ರೆ ಮೈಮೇಲೇ ಬೀಳ್ತಾವೆ.”

“ನಾಯಿಗಳಾ?”

“ಹ್ಞೂಂ, ಅಂಥವೇ ಅನ್ನು.”

ಗೂಡಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹುಡುಗಿ ಮುಂದಿನ ಪ್ರಶ್ನೆ ಹುಡುಕುತ್ತಿದ್ದಳು. ಇದ್ದಕ್ಕಿದ್ದಂತೆ ಕುರ್ಚಿ ಉರುಳಿತು.

“ಹಾರಿತು!” ಎಂದವರೇ ಗೂಡಮ್ಮ ದಡದಡನೆ ಮೆಟ್ಟಿಲಿಳಿದು ಓಡಿದರು.

ಹುಡುಗಿ ಪರದೆಗೆ ಬಾಗಿದಳು. ಗೂಡು ಎಂದಿನಂತೆ ಖಾಲಿ. ಆದರೆ ಅದರ ಹಿಂದೆ, ಚಿತ್ರದ ಮೂಲೆಯಲ್ಲಿ, ಯಾವತ್ತೂ ಬೀಗ ಬಿದ್ದಿರುತ್ತಿದ್ದ ಮನೆಯ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಕೂಸನ್ನು ಎದೆಗವಚಿಕೊಂಡ ಹೆಂಗಸೊಬ್ಬಳು ಕ್ಯಾಮೆರಾದತ್ತ ಮುಖವೆತ್ತಿ ಕೈ ಬೀಸುತ್ತಿದ್ದಳು. ಥೇಟ್ ಗೂಡಮ್ಮನದೇ ಮುಖ. ಮರುಕ್ಷಣ ಬೀದಿಯಲ್ಲಿ ಓಡಿ ಮರೆಯಾದಳು.

ಕೂಡಿಹಾಕಿದ್ದ ಗಂಡನ ಮನೆಯಿಂದ ಗೂಡಮ್ಮನ ಮಗಳು ಹೊರಬಿದ್ದದ್ದು, ತಾಯಿಗೆ ಗುಟ್ಟಾಗಿ ಹೇಳಿಕಳಿಸಿದ್ದಂತೆಯೇ, ಅಂದು.